ಬಿಲ್ಲಿನಲ್ಲಿ ಕರ್ನಾಟಕ, ಪಾರ್ಸೆಲ್ ಹೊರಟಿದ್ದು ಸೂರತ್‌ನಿಂದ: ಆನ್‌ಲೈನ್ ಮಾರುಕಟ್ಟೆ ತೋರಿಸದ ಮೂರನೇ ವಿಳಾಸ

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2025ರ ನವೆಂಬರ್‌ನಲ್ಲಿ ಒಂದು ಕರಡು ತಿದ್ದುಪಡಿ ಪ್ರಕಟಿಸಿತು. ಆಮದು ಮಾಡಿದ ಪೊಟ್ಟಣದ ಸರಕನ್ನು ಮಾರುವ ಆನ್‌ಲೈನ್ ತಾಣಗಳು ‘ಯಾವ ದೇಶದ್ದು’ ಎಂದು ಹುಡುಕುವ, ವಿಂಗಡಿಸುವ ಫಿಲ್ಟರ್ ಇಡಬೇಕು ಎನ್ನುವುದು ಅದರ ತಿರುಳು. ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹರಿಯುವ ಹೊತ್ತಿಗೆ ಅರ್ಥ ಬದಲಾಗಿತ್ತು. ಇನ್ನು ಮೇಲೆ ಮಾಲು ಎಲ್ಲಿಂದ ಬರುತ್ತದೆ ಎಂದು ಕೊಳ್ಳುವ ಮೊದಲೇ ತಿಳಿಯುತ್ತದೆ, ‘ಕಲಬುರಗಿಯಿಂದಲೇ ಕಳಿಸುತ್ತೇವೆ’ ಎಂದು ಹೇಳಿ ಬೇರೆಲ್ಲಿಂದಲೋ ಕಳಿಸುವವರ ಆಟ ಮುಗಿಯಿತು ಎಂದು ಅನೇಕರು ತಿಳಿದರು.

ಅದು ಹಾಗಿಲ್ಲ. ಸರಕು ಯಾವ ದೇಶದಲ್ಲಿ ತಯಾರಾಯಿತು ಎನ್ನುವುದು ಒಂದು ಪ್ರಶ್ನೆ, ಪಾರ್ಸೆಲ್ ಯಾವ ಊರಿನ ಗೋದಾಮಿನಿಂದ ಹೊರಡುತ್ತದೆ ಎನ್ನುವುದು ಇನ್ನೊಂದು. ಕರಡು ಮುಟ್ಟುವುದು ಮೊದಲನೆಯದನ್ನು ಮಾತ್ರ. ಗ್ರಾಹಕರು ಹೆಚ್ಚಾಗಿ ಮೋಸಹೋಗುವುದು ಎರಡನೆಯದರಲ್ಲಿ.

ಒಂದು ಸರಕಿಗೆ ಮೂರು ವಿಳಾಸ

ಆನ್‌ಲೈನ್‌ನಲ್ಲಿ ಮಾರಾಟವಾಗುವ ಯಾವುದೇ ವಸ್ತುವಿಗೆ ಮೂರು ವಿಳಾಸಗಳಿರುತ್ತವೆ: ತಯಾರಾದ ಜಾಗ, ಮಾರುವವನ ನೋಂದಾಯಿತ ಜಾಗ, ಪಾರ್ಸೆಲ್ ಕೊರಿಯರ್ ಕೈಸೇರುವ ಜಾಗ.

ಮೊದಲ ವಿಳಾಸಕ್ಕೆ ಕಾನೂನು ಇದೆ. ಪೊಟ್ಟಣದ ಸರಕುಗಳ 2011ರ ಕಾನೂನು ಮಾಪನಶಾಸ್ತ್ರ (ಅಳತೆ ಮತ್ತು ತೂಕದ) ನಿಯಮಗಳ ಪ್ರಕಾರ ಆಮದು ವಸ್ತುವಿನ ಮೇಲೆ ಮೂಲ ದೇಶದ ಹೆಸರಿರಬೇಕು. ಈ ಷರತ್ತು 2018ರ ಜನವರಿ 1ರಿಂದ ಜಾರಿಯಲ್ಲಿದೆ. ಎರಡನೆಯದಕ್ಕೂ ಇದೆ. 2020ರ ಜುಲೈನಲ್ಲಿ ಬಂದ ಗ್ರಾಹಕ ಸಂರಕ್ಷಣಾ ಇ-ವಾಣಿಜ್ಯ ನಿಯಮಗಳು, ಮಾರುವವನ ವ್ಯವಹಾರದ ಹೆಸರು, ಭೌಗೋಳಿಕ ವಿಳಾಸ, ಗ್ರಾಹಕ ಸೇವೆಯ ಸಂಖ್ಯೆ ಇವೆಲ್ಲ ಖರೀದಿಗೆ ಮುಂಚೆಯೇ ಕಾಣಬೇಕು ಎನ್ನುತ್ತವೆ.

ಮೂರನೆಯದರ ಬಗ್ಗೆ ನಿಯಮಗಳು ‘ರವಾನೆ ಮತ್ತು ವಿತರಣೆಗೆ ಸಂಬಂಧಿಸಿದ ವಿವರ’ ಕೊಡಬೇಕು ಎಂದಷ್ಟೇ ಹೇಳುತ್ತವೆ. ‘ಐದು ದಿನದಲ್ಲಿ ತಲುಪುತ್ತದೆ’ ಎಂದು ಬರೆದರೂ ಅದು ವಿವರವೇ. ಯಾವ ಪಿನ್‌ಕೋಡಿನಿಂದ ಹೊರಡುತ್ತದೆ ಎಂದು ಬರೆಯುವ ಕಟ್ಟಳೆ ಇಲ್ಲ. ಸುಳ್ಳು ಹುಟ್ಟುವುದು ಈ ಸಂದಿಯಲ್ಲಿ.

ಸುಳ್ಳು ಹೇಳಿದರೆ ಏನು ಲಾಭ?

ಮೊದಲ ಕಾರಣ ದಿನಾಂಕ. ಒಂದೇ ಬಗೆಯ ಹತ್ತು ಸೀರೆಗಳು ಪರದೆಯ ಮೇಲಿದ್ದರೆ, ಬೆಲೆ ಸಮ ಇದ್ದಾಗ ಜನ ಬೇಗ ಬರುವುದನ್ನೇ ಒತ್ತುತ್ತಾರೆ. ಹತ್ತಿರದ ಊರಿನ ಹೆಸರು ಕಂಡರೆ ಬೇಗ ಬರುತ್ತದೆ ಎಂಬ ನಂಬಿಕೆ ತಾನಾಗಿ ಬರುತ್ತದೆ.

ಎರಡನೆಯದು ಹಿಂತಿರುಗಿಸುವ ಧೈರ್ಯ. ಅಂಗಡಿ ನಮ್ಮ ಜಿಲ್ಲೆಯದೇ ಎಂದಾದರೆ ಕೆಟ್ಟ ಮಾಲು ಬಂದರೂ ಹೋಗಿ ಕೇಳಬಹುದಲ್ಲ ಎನಿಸುತ್ತದೆ. ಇನ್‌ಸ್ಟಾಗ್ರಾಂ, ವಾಟ್ಸ್ಆ್ಯಪ್ ಮೂಲಕ ಮಾರುವವರು ಕಲಬುರಗಿಯ ಸೂಪರ್ ಮಾರ್ಕೆಟ್ಟಿನದೋ ಬೀದರಿನದೋ ಹೆಸರು ಹಾಕಿಕೊಳ್ಳುವುದು ಈ ಧೈರ್ಯವನ್ನು ಮಾರಿಕೊಳ್ಳಲಿಕ್ಕೆ. ಅಲ್ಲಿ ಅಂಗಡಿಯೂ ಇರುವುದಿಲ್ಲ, ಗೋದಾಮೂ ಇರುವುದಿಲ್ಲ. ಆರ್ಡರ್ ಬಂದ ಮೇಲೆ ಸೂರತ್‌ನ ಸಗಟು ವ್ಯಾಪಾರಿಗೆ ನಿಮ್ಮ ವಿಳಾಸ ಕಳಿಸುತ್ತಾರೆ, ಅವನು ನೇರ ನಿಮಗೆ ರವಾನಿಸುತ್ತಾನೆ. ಈ ಪದ್ಧತಿಗೆ ಡ್ರಾಪ್‌ಶಿಪ್ಪಿಂಗ್ ಎನ್ನುತ್ತಾರೆ. ಅದು ಅಪರಾಧವೇನಲ್ಲ. ಸರಕು ಕೈಯಲ್ಲಿಲ್ಲದವನು ‘ನಮ್ಮ ಸ್ಟಾಕಿನಿಂದಲೇ ಕಳಿಸುತ್ತೇವೆ’ ಎಂದಾಗ ಅದು ಮೋಸವಾಗುತ್ತದೆ. ಯಾಕೆಂದರೆ ಆ ಬಣ್ಣ ಇದೆಯೇ, ಆ ಅಳತೆ ಇದೆಯೇ ಎಂದು ಅವನಿಗೇ ಗೊತ್ತಿರುವುದಿಲ್ಲ. ಇಲ್ಲದಿದ್ದರೆ ಸಗಟುದಾರ ಕೈಗೆ ಸಿಕ್ಕಿದ್ದನ್ನು ಹಾಕಿ ಕಳಿಸುತ್ತಾನೆ. ‘ನೀಲಿ ಕೇಳಿದ್ದೆ, ಹಸಿರು ಬಂತು’ ಎಂಬ ದೂರುಗಳಿಗೆ ಇದು ಒಂದು ಮುಖ್ಯ ಕಾರಣ.

ಮೂರನೆಯದು ಊರಿನ ಹೆಸರಿಗೇ ಬೆಲೆ ಬಂದಿರುವುದು. ಗುಲಬರ್ಗಾ ತೊಗರಿಬೇಳೆಗೆ 2019ರಲ್ಲಿ, ಊರಿನ ಹೆಸರನ್ನು ಅಲ್ಲಿನ ಸರಕಿಗಷ್ಟೇ ಮೀಸಲಿಡುವ ಭೌಗೋಳಿಕ ಸೂಚ್ಯಂಕದ (ಜಿಐ) ಮಾನ್ಯತೆ ಸಿಕ್ಕಿತು. ಬಿದರಿ ಕಲೆಗೆ ಅದಕ್ಕೂ ಮುಂಚೆಯೇ ಸಿಕ್ಕಿತ್ತು. ಮಹಿಳಾ ಸ್ವಸಹಾಯ ಸಂಘಗಳು ತಟ್ಟುವ ಜೋಳದ ರೊಟ್ಟಿಯ ‘ಕಲಬುರಗಿ ರೊಟ್ಟಿ’ ಬ್ರ್ಯಾಂಡ್ 2025ರ ಜೂನ್‌ನಲ್ಲಿ ಪ್ರಧಾನಿಯ ಮನ್ ಕೀ ಬಾತ್‌ನಲ್ಲಿ ಪ್ರಸ್ತಾಪವಾಯಿತು. ಹೆಸರಿಗೆ ಗಿರಾಕಿ ಬಂದ ಕೂಡಲೇ ಹೆಸರನ್ನಷ್ಟೇ ಮಾರುವವರೂ ಬರುತ್ತಾರೆ.

ಎಲ್ಲಿ ಸುಳ್ಳು ಸುಲಭ, ಎಲ್ಲಿ ಕಷ್ಟ

ಎಲ್ಲ ತಾಣಗಳಲ್ಲೂ ಈ ಮೋಸ ಒಂದೇ ರೀತಿ ನಡೆಯುವುದಿಲ್ಲ. ದೊಡ್ಡ ದೇಶೀ ಮಾರುಕಟ್ಟೆ ತಾಣಗಳಲ್ಲಿ ಸರಕು ಎರಡು ದಾರಿಯಲ್ಲಿ ಬರುತ್ತದೆ. ಮಾರುವವನು ಮಾಲನ್ನು ಮೊದಲೇ ತಾಣದ ಗೋದಾಮಿನಲ್ಲಿ ಇಟ್ಟಿರುತ್ತಾನೆ. ಇಲ್ಲವೇ ಆರ್ಡರ್ ಬಂದ ಮೇಲೆ ಕೊರಿಯರ್‌ನವರು ಅವನ ಜಾಗಕ್ಕೆ ಹೋಗಿ ಎತ್ತಿಕೊಳ್ಳುತ್ತಾರೆ. ಎರಡರಲ್ಲೂ ಹೊರಡುವ ಜಾಗ ತಾಣದ ಕಂಪ್ಯೂಟರಿಗೆ ಗೊತ್ತಿರುತ್ತದೆ, ಏಕೆಂದರೆ ರವಾನೆ ಶುಲ್ಕವನ್ನು ಅದರ ಮೇಲೇ ಲೆಕ್ಕ ಹಾಕುವುದು. ಒಂದೇ ಊರೊಳಗೆ ಒಂದು ದರ, ವಲಯದೊಳಗೆ ಇನ್ನೊಂದು, ದೇಶದ ಆಚೆ ತುದಿಗೆ ಮತ್ತೊಂದು. ಅದರ ಮೇಲೆ ತೂಕದ ಹಂತಗಳು. ಇಂಥ ಕಡೆ ವ್ಯವಸ್ಥೆಗೆ ಸುಳ್ಳು ಹೇಳುವುದು ಕಷ್ಟ. ಆದ್ದರಿಂದ ಸುಳ್ಳು ಸೇರಿಕೊಳ್ಳುವುದು ಶೀರ್ಷಿಕೆಯಲ್ಲಿ, ವಿವರಣೆಯಲ್ಲಿ, ಚಿತ್ರದ ಮೇಲಿನ ಬರಹದಲ್ಲಿ: ‘ಅಸಲಿ ಬೀದರ್’, ‘ನೇರ ಗುಲಬರ್ಗಾ ಮಿಲ್ಲಿನಿಂದ’.

ಇಬೇಯಂಥ ಅಂತರರಾಷ್ಟ್ರೀಯ ತಾಣಗಳಲ್ಲಿ ವಸ್ತು ಇರುವ ಜಾಗವನ್ನು ಮಾರುವವನೇ ತುಂಬುತ್ತಾನೆ. ಸುಳ್ಳು ತುಂಬಬಾರದು ಎಂದು ತಾಣದ ನಿಯಮವಿದ್ದರೂ ಪರೀಕ್ಷೆ ನಡೆಯುವುದು ಬಹುಪಾಲು ದೂರು ಬಂದ ಮೇಲೆಯೇ. ಮಾರುವವನ ಹೆಸರಿನ ಪಕ್ಕ ಭಾರತದ ನಗರ, ಪಾರ್ಸೆಲ್ ಮಾತ್ರ ಚೀನಾದಿಂದ. ಹೀಗಾದಾಗ ಕೊಳ್ಳುವವನಿಗೆ ಬೀಳುವುದು ಬರೀ ತಡದ ಪೆಟ್ಟಲ್ಲ. ಹೊರದೇಶದ ಪಾರ್ಸೆಲ್ ಕಸ್ಟಮ್ಸ್ ದಾಟಬೇಕು, ಸುಂಕ ಪಡೆಯುವವನ ತಲೆಗೆ ಬರುತ್ತದೆ. ಹಿಂದೆ 5,000 ರೂಪಾಯಿವರೆಗಿನ ಉಡುಗೊರೆಗೆ ವಿನಾಯಿತಿ ಇತ್ತು. ಅದನ್ನು ದುರುಪಯೋಗ ಮಾಡಿಕೊಂಡು ವ್ಯಾಪಾರದ ಸರಕಿಗೂ ‘ಗಿಫ್ಟ್’ ಚೀಟಿ ಅಂಟಿಸುತ್ತಿದ್ದರು. 2019ರ ಡಿಸೆಂಬರ್‌ನಲ್ಲಿ ಸರ್ಕಾರ, ರಾಖಿ ಮತ್ತು ಜೀವರಕ್ಷಕ ಔಷಧಿ ಬಿಟ್ಟು, ಆ ಬಾಗಿಲು ಮುಚ್ಚಿತು. ಮಾಲು ಹಿಂತಿರುಗಿಸಬೇಕೆಂದರೆ ಅಂತರರಾಷ್ಟ್ರೀಯ ಅಂಚೆ ಖರ್ಚು ಹಲವು ಸಲ ವಸ್ತುವಿನ ಬೆಲೆಗಿಂತ ಹೆಚ್ಚು. ಮಾರುವವನಿಗೆ ಇದು ಚೆನ್ನಾಗಿ ಗೊತ್ತು. ‘ಕಳಿಸಿಕೊಡಿ, ಹಣ ವಾಪಸ್ ಕೊಡುತ್ತೇನೆ’ ಎಂದು ಅವನು ಧಾರಾಳವಾಗಿ ಹೇಳುವುದು ಅದಕ್ಕೇ.

ಸಾಮಾಜಿಕ ಜಾಲತಾಣದ ಮಾರಾಟದಲ್ಲಿ ತಡೆಯುವವರೇ ಇಲ್ಲ. ಅಲ್ಲಿ ವಿಳಾಸ ಎಂದರೆ ಅವನು ಬರೆದುಕೊಂಡದ್ದು.

‘ಕರ್ನಾಟಕದಿಂದ’ ಎಂದರೆ ನಮಗೆ ಹತ್ತಿರವೇ?

ಇದು ಕಲಬುರಗಿ, ಬೀದರ್, ಯಾದಗಿರಿ ಈ ಮೂರು ಜಿಲ್ಲೆಗಳವರು ಬೇರೆಯಾಗಿಯೇ ಯೋಚಿಸಬೇಕಾದ ಮಾತು. ಬೀದರಿನಿಂದ ಹೈದರಾಬಾದ್ ಸುಮಾರು 140 ಕಿಲೋಮೀಟರ್; ಬೆಂಗಳೂರು 700ರ ಹತ್ತಿರ. ಕಲಬುರಗಿಗೆ ಸೊಲ್ಲಾಪುರ ನೂರು ಚಿಲ್ಲರೆ ಕಿಲೋಮೀಟರ್, ಹೈದರಾಬಾದ್ 220ರ ಆಸುಪಾಸು, ಬೆಂಗಳೂರು 550ಕ್ಕೂ ಹೆಚ್ಚು. ಯಾದಗಿರಿಯ ಕಥೆಯೂ ಬಹಳ ಬೇರೆಯಲ್ಲ. ಹೀಗಾಗಿ ‘ಕರ್ನಾಟಕದಿಂದ ರವಾನೆ’ ಎಂಬ ಚೀಟಿ ಮೈಸೂರಿನವರಿಗೆ ಕೊಡುವ ಮಾಹಿತಿ ನಮಗೆ ಕೊಡುವುದಿಲ್ಲ. ತೆಲಂಗಾಣದಿಂದ ಎಂದು ಪ್ರಾಮಾಣಿಕವಾಗಿ ಬರೆದ ವ್ಯಾಪಾರಿ ಇಲ್ಲಿನ ಗಿರಾಕಿಗೆ ನಿಜಕ್ಕೂ ಹತ್ತಿರ, ಆದರೆ ‘ಹೊರ ರಾಜ್ಯ’ ಎಂದು ಓದಿ ಜನ ಮುಂದಕ್ಕೆ ಹೋಗುತ್ತಾರೆ. ಇಲ್ಲಿಗೆ ಬೇಕಾಗಿರುವುದು ರಾಜ್ಯದ ಹೆಸರಲ್ಲ, ಪಿನ್‌ಕೋಡಿನ ಮೊದಲ ಮೂರು ಅಂಕಿ.

ಆ ಮೂರು ಅಂಕಿ ಅಂಚೆಯ ವಿಂಗಡಣಾ ಪ್ರದೇಶವನ್ನು ಹೇಳುತ್ತವೆ. ಕಲಬುರಗಿ, ಬೀದರ್, ಯಾದಗಿರಿ ಮೂರಕ್ಕೂ 585. ಹೈದರಾಬಾದಿಗೆ 500, ಬೆಂಗಳೂರಿಗೆ 560, ಸೂರತ್‌ಗೆ 395, ಮುಂಬೈ ಪಕ್ಕದ ಗೋದಾಮುಗಳ ಊರು ಭಿವಂಡಿಗೆ 421. (ಊರಿನ ಹೆಸರು 2014ರ ನವೆಂಬರ್ 1ರಂದೇ ಕಲಬುರಗಿ ಆದರೂ ಎಷ್ಟೋ ತಾಣಗಳ ಪಟ್ಟಿಯಲ್ಲಿ ಇನ್ನೂ ಗುಲಬರ್ಗಾ ಎಂದೇ ಇದೆ. ಎರಡು ಹೆಸರು ಕಂಡ ಮಾತ್ರಕ್ಕೆ ಮೋಸ ಎಂದುಕೊಳ್ಳಬೇಕಾಗಿಲ್ಲ, ಅಂಕಿ ನೋಡಿ.)

ಕೊಳ್ಳುವ ಮೊದಲು ಪತ್ತೆ ಹಚ್ಚುವುದು

ತಾಣ ಹೇಳದಿದ್ದರೂ ಅದರ ಬಾಯಿ ಬಿಡಿಸುವ ಸುಲಭ ದಾರಿಯೊಂದಿದೆ. ವಸ್ತುವಿನ ಪುಟದಲ್ಲಿ ವಿತರಣೆಯ ಪಿನ್‌ಕೋಡ್ ಬದಲಿಸುತ್ತ ಹೋಗಿ. ಮೊದಲು 585101 ಹಾಕಿ ತಲುಪುವ ದಿನಾಂಕ ಬರೆದುಕೊಳ್ಳಿ. ಆಮೇಲೆ 500001, 560001, 395003, ದೆಹಲಿಯ 110001. ಯಾವ ಊರಿಗೆ ದಿನಾಂಕ ಎಲ್ಲಕ್ಕಿಂತ ಬೇಗ ಬಂತೋ ಮಾಲು ಅದರ ಆಸುಪಾಸಿನಲ್ಲಿದೆ. ಎಲ್ಲ ಊರಿಗೂ ಎರಡು ಮೂರು ದಿನ ಎಂದು ಬಂದರೆ ಸರಕು ತಾಣದ ಹಲವು ಗೋದಾಮುಗಳಲ್ಲಿದೆ ಎಂದರ್ಥ, ಚಿಂತೆ ಬೇಡ. ಎಲ್ಲ ಊರಿಗೂ ಒಂದೇ ಸಮ 12ರಿಂದ 25 ದಿನ ಎಂದು ಬಂದರೆ ಮಾತ್ರ ಎಚ್ಚರ: ಮಾಲು ದೇಶದೊಳಗೇ ಇಲ್ಲದಿರಬಹುದು, ಅಥವಾ ಇನ್ನೂ ಯಾರೂ ಕೊಂಡಿಟ್ಟಿಲ್ಲದಿರಬಹುದು. ವಿಮಾನದ ಕೊರಿಯರ್ ಬಳಸುವವರ ವಿಷಯದಲ್ಲಿ ಈ ಪರೀಕ್ಷೆ ಸ್ವಲ್ಪ ತಪ್ಪುತ್ತದೆ, ಮಹಾನಗರಗಳಿಗೆಲ್ಲ ಒಂದೇ ದಿನ ತೋರಿಸುತ್ತದೆ.

ಮುಂದಿನದು ಮಾರುವವನ ಹೆಸರಿನ ಮೇಲೆ ಒತ್ತುವುದು. ವಿಳಾಸದ ಜೊತೆ ಜಿಎಸ್‌ಟಿ ಸಂಖ್ಯೆ ಸಿಕ್ಕರೆ ಅದರ ಮೊದಲ ಎರಡು ಅಂಕಿ ರಾಜ್ಯದ್ದು: ಕರ್ನಾಟಕ 29, ಮಹಾರಾಷ್ಟ್ರ 27, ಗುಜರಾತ್ 24, ತೆಲಂಗಾಣ 36, ದೆಹಲಿ 07. ಪೂರ್ತಿ 15 ಅಕ್ಷರಗಳನ್ನು ಜಿಎಸ್‌ಟಿ ಜಾಲತಾಣದ ತೆರಿಗೆದಾರರ ಹುಡುಕಾಟದಲ್ಲಿ ಹಾಕಿದರೆ ಲಾಗಿನ್ ಇಲ್ಲದೆಯೇ ವ್ಯವಹಾರದ ಹೆಸರು, ನೋಂದಣಿಯಾದ ದಿನ, ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ ಎಲ್ಲ ಕಾಣುತ್ತದೆ. ‘ಮೂರು ತಲೆಮಾರಿನ ಅಂಗಡಿ’ ಎಂದವನ ನೋಂದಣಿ ಕಳೆದ ತಿಂಗಳದ್ದಾಗಿದ್ದರೆ ಅಲ್ಲಿಗೇ ನಿಲ್ಲುವುದು ಒಳ್ಳೆಯದು.

ಜಿಎಸ್‌ಟಿ ಸಂಖ್ಯೆಯೇ ಇಲ್ಲದವರೂ ಮಾರಬಹುದು. 2023ರ ಅಕ್ಟೋಬರ್ 1ರಿಂದ ನೋಂದಣಿ ಮಿತಿಯೊಳಗಿನ ಸಣ್ಣ ವ್ಯಾಪಾರಿಗಳಿಗೆ ಆನ್‌ಲೈನ್ ತಾಣಗಳ ಮೂಲಕ ಮಾರಲು ಅವಕಾಶವಾಗಿದೆ, ಆದರೆ ತಮ್ಮ ರಾಜ್ಯದೊಳಗೆ ಮಾತ್ರ. ಸೇಡಂನ ಮನೆಯೊಂದರಿಂದ ಶೇಂಗಾ ಹಿಂಡಿ ಮಾರುವ ಮಹಿಳೆ ಬೆಂಗಳೂರಿಗೆ ಕಳಿಸಬಹುದು. ನೋಂದಣಿ ಇಲ್ಲದೆ ಪಕ್ಕದ ತೆಲಂಗಾಣದ ಜಹೀರಾಬಾದಿಗೆ ಕಳಿಸುವಂತಿಲ್ಲ. ಇದನ್ನೇ ತಿರುಗಿಸಿ ಓದಿ: ಜಿಎಸ್‌ಟಿ ಸಂಖ್ಯೆ ಇಲ್ಲದ ಮಾರಾಟಗಾರನ ಮಾಲು ನಿಮಗೆ ಹೊರರಾಜ್ಯದಿಂದ ಬಂದರೆ ಎಲ್ಲೋ ಒಂದು ಸುಳ್ಳಿರಬಹುದು.

ತಿನಿಸಿನ ಪೊಟ್ಟಣಕ್ಕೆ ಇನ್ನೊಂದು ಗುರುತಿದೆ. ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳಲ್ಲಿ ಮೊದಲನೆಯದು ಪರವಾನಗಿಯೋ ನೋಂದಣಿಯೋ ಎಂಬುದನ್ನೂ ಮುಂದಿನ ಎರಡು ರಾಜ್ಯವನ್ನೂ ಹೇಳುತ್ತವೆ. ಕರ್ನಾಟಕದಲ್ಲಿ ಪಡೆದ ಸಣ್ಣ ತಯಾರಕರ ನೋಂದಣಿ 212ರಿಂದ, ರಾಜ್ಯ ಪರವಾನಗಿ 112ರಿಂದ ಶುರುವಾಗುತ್ತದೆ. ಕೇಂದ್ರ ಪರವಾನಗಿ 100ರಿಂದ. ‘ಕಲಬುರಗಿ ಕಡಕ್ ರೊಟ್ಟಿ, ಮನೆಯಲ್ಲಿ ತಟ್ಟಿದ್ದು’ ಎಂಬ ಪೊಟ್ಟಣದ ಮೇಲೆ ತಯಾರಕರ ಸಂಖ್ಯೆ 115ರಿಂದ ಶುರುವಾಗಿದ್ದರೆ ಅದು ಮಹಾರಾಷ್ಟ್ರದ ಪರವಾನಗಿ.

ಬಂದ ಮೇಲೆ: ಬಿಲ್ಲು ಅರ್ಧ ಸತ್ಯ, ಟ್ರ್ಯಾಕಿಂಗ್ ಮುಕ್ಕಾಲು

ಬಿಲ್ಲಿನಲ್ಲಿ ತೆರಿಗೆ ಹೇಗೆ ಹಾಕಿದ್ದಾರೆ ನೋಡಿ. 1,000 ರೂಪಾಯಿ ಮಾಲಿಗೆ ಶೇ 5ರ ತೆರಿಗೆ ಇದ್ದರೆ, ಕರ್ನಾಟಕದ ವ್ಯಾಪಾರಿ ಕೇಂದ್ರದ ಜಿಎಸ್‌ಟಿ 25, ರಾಜ್ಯದ ಜಿಎಸ್‌ಟಿ 25 ಎಂದು ಒಡೆದು ತೋರಿಸುತ್ತಾನೆ. ಹೊರರಾಜ್ಯದವನು ಐಜಿಎಸ್‌ಟಿ (ಅಂತರರಾಜ್ಯ ಮಾರಾಟದ ತೆರಿಗೆ) 50 ಎಂದು ಒಂದೇ ಸಾಲಿನಲ್ಲಿ ತೋರಿಸುತ್ತಾನೆ. ‘ಬೆಂಗಳೂರಿನಿಂದ ರವಾನೆ’ ಎಂದವನ ಬಿಲ್ಲಿನಲ್ಲಿ 24ರಿಂದ ಶುರುವಾಗುವ ಗುಜರಾತಿನ ಜಿಎಸ್‌ಟಿ ಸಂಖ್ಯೆಯೂ ಐಜಿಎಸ್‌ಟಿಯೂ ಇದ್ದರೆ ಸುಳ್ಳಿನ ಸುಳಿವು ಅಲ್ಲೇ ಸಿಗುತ್ತದೆ.

ಆದರೆ ಉಲ್ಟಾ ಸಾಬೀತಾಗುವುದಿಲ್ಲ. ಇಲ್ಲೇ ಹೆಚ್ಚಿನವರು ಎಡವುವುದು. ಕರ್ನಾಟಕದಲ್ಲಿ ನೋಂದಣಿ ಇರುವ ಮಧ್ಯವರ್ತಿ, ಸೂರತ್‌ನ ಸಗಟುದಾರನಿಂದ ನೇರ ನಿಮ್ಮ ಮನೆಗೆ ಕಳಿಸಿದಾಗ ಅಲ್ಲಿ ಎರಡು ಮಾರಾಟಗಳಿರುತ್ತವೆ. ಸಗಟುದಾರ ಮಧ್ಯವರ್ತಿಗೆ ಮಾರಿದ್ದು ಅಂತರರಾಜ್ಯ ವ್ಯವಹಾರ. ಮಧ್ಯವರ್ತಿ ನಿಮಗೆ ಮಾರಿದ್ದು, ಅವನೂ ನೀವೂ ಕರ್ನಾಟಕದಲ್ಲೇ ಇರುವುದರಿಂದ, ರಾಜ್ಯದೊಳಗಿನ ವ್ಯವಹಾರ. ನಿಮ್ಮ ಕೈಗೆ ಬರುವ ಬಿಲ್ಲಿನಲ್ಲಿ 29, ಕೇಂದ್ರ 25, ರಾಜ್ಯ 25. ತೆರಿಗೆ ಲೆಕ್ಕಕ್ಕೆ ಅದು ಸರಿಯಾಗಿಯೇ ಇದೆ. ಮಾಲು ಮಾತ್ರ ಕರ್ನಾಟಕದ ಗೋದಾಮನ್ನೇ ನೋಡಿಲ್ಲ.

ಆಗ ಉಳಿಯುವ ಸಾಕ್ಷಿ ಕೊರಿಯರ್ ಸಂಖ್ಯೆ. ಟ್ರ್ಯಾಕಿಂಗ್ ಪುಟದ ತಳಕ್ಕೆ ಹೋಗಿ, ಎಲ್ಲಕ್ಕಿಂತ ಹಳೆಯ ಸಾಲು ನೋಡಿ. ಅಲ್ಲೂ ಒಂದು ಹುಷಾರಿ ಬೇಕು. ‘ಶಿಪ್‌ಮೆಂಟ್ ಕ್ರಿಯೇಟೆಡ್’, ‘ಮ್ಯಾನಿಫೆಸ್ಟೆಡ್’ ಎಂಬ ಸಾಲುಗಳು ಚೀಟಿ ಮುದ್ರಿಸಿದ್ದನ್ನಷ್ಟೇ ಹೇಳುತ್ತವೆ. ನಿಗದಿತ ಅವಧಿಯೊಳಗೆ ಕಳಿಸಿದೆ ಎಂದು ತೋರಿಸಲು ಮಾಲಿಲ್ಲದೆಯೇ ಚೀಟಿ ಮುದ್ರಿಸುವವರಿದ್ದಾರೆ. ಆಗ ಆ ಸಾಲು ನಾಲ್ಕೈದು ದಿನ ಅಲ್ಲಾಡದೆ ನಿಂತಿರುತ್ತದೆ. ‘ಪಿಕ್ಡ್ ಅಪ್’ ಎಂಬುದೇ ಮೊದಲ ನಿಜವಾದ ಸ್ಕ್ಯಾನ್. ಅದರ ಮುಂದಿರುವ ಊರೇ ನಿಮ್ಮ ಮೂರನೇ ವಿಳಾಸ.

ಅಂಚೆಯಲ್ಲಿ ಬಂದಿದ್ದರೆ 13 ಅಕ್ಷರಗಳ ಸಂಖ್ಯೆ ಇರುತ್ತದೆ: ಎರಡು ಅಕ್ಷರ, ಒಂಬತ್ತು ಅಂಕಿ, ಮತ್ತೆರಡು ಅಕ್ಷರ. ಕೊನೆಯ ಎರಡು ಅಕ್ಷರ ಬುಕ್ ಮಾಡಿದ ದೇಶದ್ದು. ಐಎನ್ ಇದ್ದರೆ ಭಾರತ, ಸಿಎನ್ ಇದ್ದರೆ ಚೀನಾ. ಇದು ಜಗತ್ತಿನ ಅಂಚೆ ಇಲಾಖೆಗಳೆಲ್ಲ ಒಪ್ಪಿಕೊಂಡ ಪದ್ಧತಿ, ಮಾರುವವನು ಇದನ್ನು ತಿದ್ದಲಾರ.

ಪೊಟ್ಟಣದ ಮೇಲಿನ ‘ತಲುಪದಿದ್ದರೆ ಹಿಂತಿರುಗಿಸಿ’ ವಿಳಾಸವನ್ನು ಮಾತ್ರ ನೆಚ್ಚಬೇಡಿ. ಅದು ಎಷ್ಟೋ ಸಲ ತಾಣದ ವಾಪಸಾತಿ ಕೇಂದ್ರದ್ದಾಗಿರುತ್ತದೆ.

ಬೇಳೆಯ ಗೋಜಲು

ರವಾನೆಯ ಜಾಗ ಮತ್ತು ಮೂಲದ ಜಾಗ ಎರಡನ್ನೂ ಕಲೆಸಿಕೊಂಡರೆ ಪ್ರಾಮಾಣಿಕರಿಗೂ ಅನ್ಯಾಯವಾಗುತ್ತದೆ ಎನ್ನುವುದಕ್ಕೆ ತೊಗರಿಗಿಂತ ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ. ಭಾರತ ಮ್ಯಾನ್ಮಾರ್, ಮೊಜಾಂಬಿಕ್, ತಾಂಜಾನಿಯಾಗಳಿಂದ ಇಡೀ ತೊಗರಿ ತರಿಸಿಕೊಳ್ಳುತ್ತದೆ. ಆ ಕಾಳು ಕಲಬುರಗಿಯ ದಾಲ್‌ಮಿಲ್ಲಿನಲ್ಲಿ ಬೇಳೆಯಾಗಿ ಇಲ್ಲಿಂದಲೇ ಹೊರಟರೆ, ರವಾನೆಯ ಜಾಗ ಕಲಬುರಗಿ ಎನ್ನುವುದು ನೂರಕ್ಕೆ ನೂರು ಸತ್ಯ. ಅದು ಗುಲಬರ್ಗಾ ತೊಗರಿಬೇಳೆ ಎನ್ನುವುದು ಸುಳ್ಳು, ಏಕೆಂದರೆ ಭೌಗೋಳಿಕ ಸೂಚ್ಯಂಕ ಕಾಯುವುದು ಈ ನೆಲದಲ್ಲಿ ಬೆಳೆದ ಬೆಳೆಯನ್ನು, ಗಿರಣಿಯ ವಿಳಾಸವನ್ನಲ್ಲ. ಕಲಬುರಗಿ ಜಿಲ್ಲೆಯ ಚಿತ್ತಾಪುರದ ಹೊಲದ ತೊಗರಿ ಹೈದರಾಬಾದಿನ ಗೋದಾಮಿನಿಂದ ಹೊರಟರೆ ಇದರ ತದ್ವಿರುದ್ಧ: ರವಾನೆ ಹೊರರಾಜ್ಯದ್ದು, ಬೇಳೆ ಅಸಲಿ.

ಪೊಟ್ಟಣದ ಮೇಲಿನ ‘ಪ್ಯಾಕ್ ಮಾಡಿದವರು’ ಎಂಬ ಸಾಲು ಈ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಉತ್ತರ ಕೊಡುವುದು ಸೂಚ್ಯಂಕದ ಲಾಂಛನ, ಜೊತೆಗೆ ಮಾರುವವನು ಚೆನ್ನೈನ ಸೂಚ್ಯಂಕ ನೋಂದಣಿ ಕಚೇರಿಯ ದಾಖಲೆಯಲ್ಲಿ ಅಧಿಕೃತ ಬಳಕೆದಾರನೇ ಎನ್ನುವುದು. ಮುಂದೆ ದೇಶದ ಫಿಲ್ಟರ್ ಎಲ್ಲೆಡೆ ಬಂದರೂ ಈ ಗೋಜಲು ಬಿಡುವುದಿಲ್ಲ. ಮಹಾರಾಷ್ಟ್ರದ ಲಾತೂರಿನ ಬೇಳೆಗೂ ಕಲಬುರಗಿಯ ಬೇಳೆಗೂ ದೇಶ ಒಂದೇ.

ಬಿದರಿಯಲ್ಲಿ ವಿಷಯ ಸರಳ. ಅದರ ಒಡಲು ಸತು ಹೆಚ್ಚಾಗಿ, ತಾಮ್ರ ಸ್ವಲ್ಪವಾಗಿ ಬೆರೆತ ಎರಕ. ಕರಿ ಬಣ್ಣದ ಅಲ್ಯೂಮಿನಿಯಂ ನಕಲಿಗಿಂತ ಅದೇ ಗಾತ್ರ, ಅದೇ ದಪ್ಪದಲ್ಲಿ ಎರಡೂವರೆ ಪಟ್ಟಿಗೂ ಹೆಚ್ಚು ಭಾರ. ಪುಟದಲ್ಲಿ ತೂಕ ಕೊಟ್ಟಿಲ್ಲದಿದ್ದರೆ ಕೇಳಿ. ತೂಕ ಹೇಳಲು ನಿರಾಕರಿಸುವ ‘ಬೀದರ್ ಕುಶಲಕರ್ಮಿ’ಯ ಪಾರ್ಸೆಲ್ ಎಲ್ಲಿಂದ ಹೊರಟರೇನು.

ಯಾರ ವಾದ ಏನು

ತಾಣಗಳು ಹೇಳುವುದು: ನಾವು ಬರೀ ಸಂತೆಕಟ್ಟೆ, ಮಾರುವವರು ಬೇರೆ. ಇದು ಪೂರ್ತಿ ನೆಪವಲ್ಲ. ವಿದೇಶಿ ಬಂಡವಾಳದ ಮಾರುಕಟ್ಟೆ ತಾಣಗಳು ಸ್ವಂತ ಸರಕು ಇಟ್ಟು ಮಾರುವಂತಿಲ್ಲ. 2019ರ ಫೆಬ್ರುವರಿ 1ರಿಂದ ಆ ನಿಯಮ ಇನ್ನೂ ಬಿಗಿಯಾಯಿತು. ಹೀಗಾಗಿ ಗೋದಾಮು ನಡೆಸುವವರೊಬ್ಬರು, ಮಾಲಿನ ಒಡೆಯ ಇನ್ನೊಬ್ಬರು, ಬಿಲ್ಲು ಮತ್ತೊಬ್ಬರ ಹೆಸರಿನಲ್ಲಿ ಎಂಬ ಮೂರು ಕವಲಿನ ವ್ಯವಸ್ಥೆ ಬೆಳೆಯಿತು. ಜೊತೆಗೆ ಒಂದೇ ವಸ್ತು ಹತ್ತು ಗೋದಾಮುಗಳಲ್ಲಿದ್ದಾಗ ಪುಟದ ಮೇಲೆ ಯಾವ ಊರು ಬರೆಯುವುದು ಎಂದೂ ಕೇಳುತ್ತಾರೆ.

ಈ ಎರಡನೇ ವಾದ ನಿಲ್ಲುವುದಿಲ್ಲ. ಗ್ರಾಹಕ ಪಿನ್‌ಕೋಡ್ ಹಾಕಿದ ಮರುಕ್ಷಣ ‘ಗುರುವಾರ ತಲುಪುತ್ತದೆ’ ಎಂದು ತಾಣ ಹೇಳುತ್ತದಲ್ಲ, ಎಲ್ಲಿಂದ ಹೊರಡುತ್ತದೆ ಎಂದು ಅಂದಾಜಿಲ್ಲದೆ ಆ ಗುರುವಾರ ಎಲ್ಲಿಂದ ಬಂತು? ದಿನಾಂಕದ ಪಕ್ಕದಲ್ಲಿ ಆ ಊರಿನ ಹೆಸರನ್ನೂ ತೋರಿಸಲು ಹೊಸ ತನಿಖಾಧಿಕಾರಿ ಬೇಡ, ಹೊಸ ಕಾಗದಪತ್ರ ಬೇಡ.

ಸಣ್ಣ ವ್ಯಾಪಾರಿಗಳ ಅಳುಕು ಬೇರೆ, ಅದರಲ್ಲಿ ತೂಕವಿದೆ. ಮನೆಯಿಂದ ಮಾರುವ ಹೆಣ್ಣುಮಕ್ಕಳಿಗೆ ಗೋದಾಮು ಎಂದರೆ ಮನೆಯೇ. ಈಗಾಗಲೇ ನೋಂದಾಯಿತ ವಿಳಾಸ ಎಲ್ಲರಿಗೂ ಕಾಣುತ್ತದೆ. ರವಾನೆಯ ವಿಳಾಸವೂ ಬಾಗಿಲ ಸಂಖ್ಯೆ ಸಮೇತ ಕಂಡರೆ ಬೇಡದವರು ಬಾಗಿಲಿಗೆ ಬರುತ್ತಾರೆ. ಊರು ಮತ್ತು ಪಿನ್‌ಕೋಡಿನ ಮೊದಲ ಮೂರು ಅಂಕಿ ಸಾಕು ಎಂದು ಮಾಡಿದರೆ ಈ ಅಳುಕು ಬಹುಮಟ್ಟಿಗೆ ತೀರುತ್ತದೆ.

ಸರ್ಕಾರದ ಗಮನ ಸದ್ಯ ದೇಶದ ಹೆಸರಿನ ಮೇಲಿದೆ. ಸ್ವದೇಶಿ ಸರಕು ಸುಲಭವಾಗಿ ಕಾಣಲಿ ಎಂಬುದು ಕರಡಿನ ಉದ್ದೇಶಗಳಲ್ಲೊಂದು. ಅದು ಜಾರಿಯಾದಲ್ಲಿ ಅದರ ಅಡ್ಡಪರಿಣಾಮವನ್ನೂ ಊಹಿಸಬಹುದು: ‘ಭಾರತದ್ದು’ ಎಂಬ ಗುರುತಿಗೆ ಬೆಲೆ ಹೆಚ್ಚಿದಷ್ಟೂ ಆಮದು ಮಾಲನ್ನು ಇಲ್ಲಿ ಹೊಸ ಪೊಟ್ಟಣಕ್ಕೆ ತುಂಬಿ ‘ಭಾರತದಿಂದ ರವಾನೆ’ ಎಂದು ದಪ್ಪಕ್ಷರದಲ್ಲಿ ಬರೆಯುವವರು ಹೆಚ್ಚುತ್ತಾರೆ. ಆ ಮಾತು ಸುಳ್ಳಲ್ಲ, ಓದುವವನು ಅದರಿಂದ ತಿಳಿಯುವುದು ಸುಳ್ಳು.

ಮೋಸಹೋದಾಗ

ಪಾರ್ಸೆಲ್ ಬರುವ ಮೊದಲೇ ವಸ್ತುವಿನ ಪುಟದ ಚಿತ್ರ ತೆಗೆದಿಡಿ. ‘ಕಲಬುರಗಿಯಿಂದ ರವಾನೆ’ ಎಂಬ ಸಾಲು ದೂರು ಕೊಟ್ಟ ಮರುದಿನ ಅಲ್ಲಿ ಇರಲಿಕ್ಕಿಲ್ಲ. ಮೊದಲ ಸ್ಕ್ಯಾನಿನ ಚಿತ್ರ, ಬಿಲ್ಲು, ಪೊಟ್ಟಣದ ಚೀಟಿ, ಬಿಚ್ಚುವಾಗಿನ ವಿಡಿಯೊ ಇಷ್ಟಿದ್ದರೆ ಸಾಕು.

ದೂರು ಕೊಡುವಾಗ ‘ಎಲ್ಲಿಂದಲೋ ಕಳಿಸಿದ್ದಾರೆ’ ಎಂಬುದನ್ನೇ ಮುಂದಿಟ್ಟರೆ ಕೇಸು ಸಡಿಲವಾಗುತ್ತದೆ, ಏಕೆಂದರೆ ಮೂರನೇ ವಿಳಾಸಕ್ಕೆ ನೇರ ನಿಯಮವಿಲ್ಲ. ಅದರ ಬದಲು ಎರಡು ಗಟ್ಟಿ ಕೊಕ್ಕೆ ಬಳಸಿ. ಇ-ವಾಣಿಜ್ಯ ನಿಯಮಗಳ 6ನೇ ನಿಯಮದ ಪ್ರಕಾರ, ಹೇಳಿದ ದಿನಕ್ಕಿಂತ ತಡವಾಗಿ ಬಂದ ಸರಕನ್ನು ವಾಪಸ್ ಪಡೆಯಲು ಮಾರುವವನು ನಿರಾಕರಿಸುವಂತಿಲ್ಲ. ನೆರೆ, ಮುಷ್ಕರದಂಥ ಕೈಮೀರಿದ ಕಾರಣಕ್ಕೆ ಮಾತ್ರ ವಿನಾಯಿತಿ. ಜಾಹೀರಾತಿನಲ್ಲಿ ಹೇಳಿದ ಗುಣಲಕ್ಷಣ ಇಲ್ಲದ ಸರಕಿಗೂ ಇದೇ ನಿಯಮ. ರವಾನೆಯ ಸುಳ್ಳನ್ನು ಈ ಎರಡರ ಕಾರಣವಾಗಿ ತೋರಿಸಿ: ದೂರದಿಂದ ಕಳಿಸಿದ್ದರಿಂದಲೇ ತಡವಾಯಿತು, ಸ್ಟಾಕು ಅವನ ಕೈಯಲ್ಲಿಲ್ಲದ್ದರಿಂದಲೇ ಹೇಳಿದ ಗುಣದ ಮಾಲು ಬರಲಿಲ್ಲ.

ತಾಣದ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದ್ದನ್ನು ಒಪ್ಪಿಕೊಂಡು ಒಂದು ತಿಂಗಳೊಳಗೆ ಪರಿಹರಿಸಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಕನ್ನಡದಲ್ಲೇ ಮಾತಾಡಬಹುದು. ಅದೂ ಫಲಿಸದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆ ತಂದ ದೊಡ್ಡ ಅನುಕೂಲ ಇಲ್ಲಿದೆ. ಮಾರುವವನು ಸೂರತ್‌ನಲ್ಲಿರಲಿ, ತಾಣದ ಕಚೇರಿ ಬೆಂಗಳೂರಿನಲ್ಲಿರಲಿ, ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ಇ-ಜಾಗೃತಿ ಜಾಲತಾಣದಲ್ಲಿ ಮನೆಯಿಂದಲೇ ಸಲ್ಲಿಸಬಹುದು, ಕಾಲಮಿತಿ ಎರಡು ವರ್ಷ. ಮಾರುವವನ ಜೊತೆ ತಾಣವನ್ನೂ ಎದುರುದಾರರನ್ನಾಗಿ ಸೇರಿಸುವುದನ್ನು ಮರೆಯಬೇಡಿ. ಮಾರುವವನು ಕಣ್ಮರೆಯಾದರೂ ಅವನ ಪಿಕಪ್ ವಿಳಾಸದ ದಾಖಲೆ ತಾಣದ ಬಳಿ ಇರುತ್ತದೆ, ಅದನ್ನು ಹಾಜರುಪಡಿಸಿ ಎಂದು ಆಯೋಗವನ್ನು ಕೋರಬಹುದು.

ವಾಟ್ಸ್ಆ್ಯಪ್, ಇನ್‌ಸ್ಟಾಗ್ರಾಂನಲ್ಲಿ ಮುಂಗಡ ಹಣ ಪಡೆದು ನಂಬರ್ ಬಂದ್ ಮಾಡಿದವರ ವಿಷಯ ಬೇರೆ. ಅದು ಗ್ರಾಹಕ ವ್ಯಾಜ್ಯವಲ್ಲ, ವಂಚನೆ. ಅಂಥ ಕಡೆ ಮೊದಲ ಕರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ, ಅದೂ ಹಣ ಹೋದ ಕೆಲವೇ ಗಂಟೆಗಳಲ್ಲಿ. ಹಣ ಇನ್ನೊಂದು ಖಾತೆಗೆ ದಾಟುವ ಮೊದಲು ತಡೆಹಿಡಿಯಲು ಸಾಧ್ಯವಾಗುವುದು ಆ ಅವಧಿಯಲ್ಲೇ.